ಗೋಣು

ಜಾಗ ಇಲ್ಲ, ಅಂದರು ಡಾಕ್ಟರ್ ಪೆಡ್ನೇಕರ,
ಬೆಳಕಿನ ಹಲಗೆಗೆ ನನ್ನ ತಲೆಯ ಚಿತ್ರ ಸಿಕ್ಕಿಸಿ.
ಹಿಂದಲೆಯ ಖೋಲಿ ಮೊದಲಿಂದಲೇ ಸಣ್ಣದು,
ಕಿರುಮೆದುಳು ಬಾಗಿಲು ದಾಟಿ ಕೆಳಕ್ಕೆ ಇಳಿದಿದೆ
ಎರಡು ಬೆರಳು ಚಾಚಿದ ಹಾಗೆ.
ನನಗೆ ನಗು ಬಂತು.
ಲಾಲಬಾಗಿನ ಚಾಳಿನಲ್ಲಿ ಒಂದೇ ಖೋಲಿ, ಏಳು ಜನ;
ರಾತ್ರಿ ಅಣ್ಣಂದಿರ ಕಾಲು ಹೊಸಿಲು ದಾಟಿ
ಗ್ಯಾಲರಿಗೆ ಚಾಚಿಕೊಂಡಿರುತ್ತಿದ್ದವು,
ಪಾಯಖಾನೆಗೆ ಹೋಗುವವರು ಎಡವಿ ಬೈಯುತ್ತಿದ್ದರು.
ನನ್ನ ಮೆದುಳೂ ಮುಂಬಯಿಯದೇ ಸಾರ್, ಅಂದೆ.
ಅವರು ನಗಲಿಲ್ಲ. ತಾರೀಕು ಬರೆದುಕೊಟ್ಟರು.

ಒಂದು ಚೂರು ಮೂಳೆ ಕೊರೆದು ಜಾಗ ಮಾಡಿದರು.
ವರ್ಷ ತುಂಬುವಷ್ಟರಲ್ಲಿ ಮೇಲಿನ ಮಾಳಿಗೆ ಅಲುಗುತ್ತಿದೆಯೆಂದು
ಮತ್ತೆ ತೆರೆದರು: ಬುರುಡೆಯ ಬುಡದಿಂದ
ಕತ್ತಿನ ಮೂರನೆಯ ಮಣಿಯವರೆಗೆ
ಎರಡು ಸರಳು, ಎಂಟು ತಿರುಪು.
ಇನ್ನು ಗಟ್ಟಿ, ಅಂದರು.
ಗಟ್ಟಿ. ಚಾಳು ಬೀಳದಿರಲೆಂದು ಮ್ಹಾಡಾದವರು
ಕೊಟ್ಟುಹೋದ ಕಬ್ಬಿಣದ ಟೇಕುಗಳು ನೆನಪಾದವು.
ಹದಿನೇಳು ಮಳೆಗಾಲ
ತಾತ್ಕಾಲಿಕವಾಗಿ ನಿಂತಿದ್ದವು.

ಅಂದಿನಿಂದ ನನಗೆ ಗೋಣು ಹಾಕಲು ಬರುವುದಿಲ್ಲ.
ಹೌದು ಅನ್ನಬೇಕಾದರೆ ಬಾಯಿಬಿಟ್ಟು ಹೌದು ಅನ್ನಬೇಕು.
ಇಲ್ಲ ಅನ್ನಬೇಕಾದರೆ, ಇಲ್ಲ.
ಹೌದೂ ಅಲ್ಲದ, ಇಲ್ಲವೂ ಅಲ್ಲದ ಆ ನಡುವಿನ ತಲೆಯಾಟ,
ಅದರಲ್ಲೇ ಹತ್ತೊಂಬತ್ತು ವರ್ಷ ಸಂಸಾರ ನಡೆಸಿದ್ದೆ,
ಅದು ಹೋಯಿತು.
ಅತ್ತೆಯ ಮುಂದೆ ನಿಂತರೆ ತಲೆ ತಗ್ಗುವುದಿಲ್ಲ.
ಆಪರೇಷನ್ ಆದಮೇಲೆ ಸೊಸೆಗೆ ಸೊಕ್ಕು ಬಂದಿದೆ ಎಂದು
ಮುಲುಂಡಿನ ನಾದಿನಿಗೆ ಫೋನಿನಲ್ಲಿ ಹೇಳುತ್ತಿದ್ದರು.
ಸೊಕ್ಕಲ್ಲ ಅತ್ತೆ, ಟೈಟೇನಿಯಂ.

ಸೀರೆಗೆ ಫಾಲ್ ಹಚ್ಚುವುದು ಕತ್ತು ಬಗ್ಗಿಸಿ ಮಾಡುವ ಕಸುಬು.
ಈಗ ಕಿಟಕಿಯ ಸರಳಿಗೆ ಕ್ಲಿಪ್ಪು ಹಾಕಿ
ಅಂಚನ್ನು ಕಣ್ಣಿನ ಎತ್ತರಕ್ಕೆ ತೂಗಿಬಿಟ್ಟು
ನಿಂತೇ ಹೊಲಿಯುತ್ತೇನೆ.
ದಿನಕ್ಕೆ ಹನ್ನೊಂದು ಮುಗಿಸುತ್ತಿದ್ದವಳು, ಮೂರು.
ಮೂರನೆಯದರ ಹೊತ್ತಿಗೆ ಎಡಗೈಗೆ ಇರುವೆ ಹತ್ತುತ್ತದೆ,
ಸೂಜಿ ಎಲ್ಲಿದೆಯೆಂದು ಬೆರಳಿಗೆ ಗೊತ್ತಿಲ್ಲ, ಕಣ್ಣನ್ನು ಕೇಳಬೇಕು.
ಬೆನ್ನುಹುರಿಯೊಳಗೆ ಇನ್ನೂ ಒಂದು ನೀರಿನ ಓಣಿ ಇದೆಯಂತೆ.
ಬತ್ತಬಹುದು. ಬತ್ತದೆಯೂ ಇರಬಹುದು.
ಬಿಸಿಯ ಸುದ್ದಿ ಅದನ್ನು ದಾಟಿ ಮೇಲೆ ಬರುವುದಿಲ್ಲ.
ಹೋದ ತಿಂಗಳು ಇಸ್ತ್ರಿಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು
ಮಗಳ ಪರೀಕ್ಷೆಯ ಮಾತಾಡುತ್ತಿದ್ದೆ;
ವಾಸನೆ ಬಂದದ್ದು ಅವಳಿಗೆ.

ಕಾಂಜೂರಿನಲ್ಲಿ ಅಂಗವಿಕಲರ ಡಬ್ಬಿ ಹತ್ತಿದರೆ
ಕಾಯ್ ಝಾಲಂ ಎನ್ನುತ್ತಾರೆ, ಮೇಲಿಂದ ಕೆಳಗೆ ಅಳೆದು.
ಕೈಕಾಲು ನಾಲ್ಕೂ ಇವೆ. ಗಾಯದ ಮೇಲೆ ಕೂದಲು ಬೆಳೆದಿದೆ.
ಹಾಗಾಗಿ ಡಾಕ್ಟರು ಸಾಕು ಬಿಚ್ಚಿ ಅಂದ ಕೊರಳಪಟ್ಟಿಯನ್ನು
ಲೋಕಲ್ಲಿಗೆ ಮಾತ್ರ ಕಟ್ಟಿಕೊಳ್ಳುತ್ತೇನೆ.
ನಾಟಕ ಅನ್ನುವುದಾದರೆ ಅನ್ನಿ.
ಸೀಟು ಸಿಗುತ್ತದೆ.

ಕೆಮ್ಮು ಬಂದರೆ ಗೋಡೆ ಹಿಡಿಯುತ್ತೇನೆ,
ಸೀನು ಬಂದರೆ ದೇವರನ್ನು.
ನಗುವಿಗೂ ಈಗ ದರ ಇದೆ:
ಹಿಂದಲೆಗೆ ಸುತ್ತಿಗೆಯ ಎರಡು ಏಟು.
ಕೊಟ್ಟೇ ನಗುತ್ತೇನೆ. ಎಲ್ಲರ ಜೋಕಿಗೂ ಅಲ್ಲ.

ನಿನ್ನೆ ಸೀರೆ ಅಂಗಡಿಯ ಕಿಶನ್‌ಲಾಲ ಶೇಠ ಗಂಟು ತಂದಿಳಿಸಿದ:
ಹದಿನೈದಿವೆ, ಶುಕ್ರವಾರದೊಳಗೆ, ಹೌದಲ್ಲ?
ಎಷ್ಟು ವರ್ಷದ ರೂಢಿ ಕತ್ತಿನ ಒಳಗೆಲ್ಲೋ ಎದ್ದು
ತಿರುಪಿಗೆ ತಾಗಿ ಅಲ್ಲೇ ನಿಂತಿತು.
ಇಲ್ಲ, ಅಂದೆ.
ನನ್ನ ದನಿ ನನಗೇ ಬೇರೆಯವರದೆನಿಸಿತು.
ಹತ್ತು?
ಆರು.
ಅವನು ಒಂಬತ್ತನ್ನು ವಾಪಸು ಎಣಿಸಿ ಕಟ್ಟಿಕೊಂಡ,
ಮುಖ ಹುಳ್ಳಗೆ ಮಾಡಿ. ಮುಂದಿನ ವಾರ ಬರುತ್ತಾನೋ ಇಲ್ಲವೋ.
ಕಿಟಕಿಯಲ್ಲಿ ಅರ್ಧ ಹೊಲಿದ ಹಳದಿ ಸೀರೆ
ಗಾಳಿಗೆ ಹೌದು ಹೌದು ಅನ್ನುತ್ತಿತ್ತು.
ಹೋಗಿ ಇನ್ನೊಂದು ಕ್ಲಿಪ್ಪು ಹಾಕಿದೆ.