ನೀಲಿ ಹೊಗೆ

ಬ್ಯಾಲರಾಟ್‌ನ ಜುಲೈಯಲ್ಲಿ ಸ್ಪ್ಯಾನರೂ ಕಚ್ಚುತ್ತದೆ.
ಗ್ಲೆನಿಸ್ ಪ್ರೌಸ್ ತನ್ನ ಹಳೇ ಕ್ಯಾಮ್ರಿ ತಂದು ನಿಲ್ಲಿಸಿ
"ಮರ್ವ್ ಹೋದಮೇಲೆ ಇದಕ್ಕೆ ಕುಡಿತದ ಚಟ ಹತ್ತಿದೆ" ಅಂದಳು.

ರಾತ್ರಿ ಇಲ್ಲೇ ಇರಲಿ, ಅಂದೆ.
ಬೆಳಿಗ್ಗೆ ಕೀಲಿ ತಿರುಗಿಸಿದರೆ
ಸೈಲೆನ್ಸರಿನಿಂದ ನೀಲಿ ಹೊಗೆ, ಒಂದೇ ಉಸಿರು;
ಆಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನೆ.

ಬಿಳಿಯಾದರೆ ನೀರು, ಕಪ್ಪಾದರೆ ಪೆಟ್ರೋಲು,
ನೀಲಿ ಮಾತ್ರ ಆಯಿಲ್‌ನದೇ.
ಪ್ಲಗ್ ಬಿಚ್ಚಿ ಒತ್ತಡ ಅಳೆದು
ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದೆ.
ಮುಳ್ಳು ಅಲ್ಲೇ. ರಿಂಗು ಗಟ್ಟಿ.
ವಾಲ್ವ್ ಸೀಲುಗಳೇ, ಹದಿನಾರೂ,
ನೆನೆಯದ ಕಡಲೆಯ ಹಾಗೆ ಕಲ್ಲಾಗಿ
ರಾತ್ರಿಯಿಡೀ ಹನಿ ಹನಿ ಒಳಗಿಳಿಸಿವೆ.

ಇದು ಮೂರು ತಿಂಗಳ ಕಥೆಯಲ್ಲ.

ಡಿಕ್ಕಿಯಲ್ಲಿ, ಸ್ಟೆಪ್ನಿಯ ಕೆಳಗೆ ಸಿಕ್ಕವು:
ಅರ್ಧ ಕ್ಯಾನು ಆಯಿಲ್, ಲಾಳಿಕೆ,
ನಾಲ್ಕು ಮಡಿಕೆಯ ಬನಿಯನ್ ಚೂರು,
ಬೀಜದಂಗಡಿಯ ಆರು ವರ್ಷದ ಕ್ಯಾಲೆಂಡರು,
ಭಾನುವಾರಕ್ಕೊಂದು ಪೆನ್ಸಿಲ್ ಗೀಟು.

ಬೆಂಚಿನ ಮೇಲೆ ಹರಡಿದೆ.
ಆಕೆ ಬಹಳ ಹೊತ್ತು ನೋಡಿದಳು.
"ಭಾನುವಾರ ಶೆಡ್ಡಿನಲ್ಲಿ ಕದ್ದು ಸಿಗರೇಟು ಸೇದುತ್ತಾನೆಂದು
ಜಗಳ ಆಡುತ್ತಿದ್ದೆ.
ಬಟ್ಟೆಯೆಲ್ಲ ಹೊಗೆ ವಾಸನೆ."

ಸಿಲಿಂಡರಿಗೆ ಹಗ್ಗ ತುರುಕಿ, ವಾಲ್ವು ಬೀಳದಂತೆ ತಡೆದು
ಹದಿನಾರು ಹೊಸ ಸೀಲು ಕೂರಿಸಿದೆ.
ಎರಡು ದಿನ; ಹೆಬ್ಬೆರಳ ಚರ್ಮ ಬೇರೆ.
ಈಗ ಹೊಗೆಯಿಲ್ಲ.

ಹೊರಡುವಾಗ ಬಾನೆಟ್ ಎತ್ತಿಸಿದಳು.
"ಕಡ್ಡಿ ಯಾವುದು, ತೋರಿಸು."
ಎಳೆದು, ಒರೆಸಿ, ಅದ್ದಿ ತೆಗೆದಳು:
ಎರಡು ಗುರುತಿನ ನಡುವೆ ಜೇನಿನ ಬಣ್ಣ.
"ತಿಂಗಳಿಗೊಮ್ಮೆ ನೋಡಿದರೆ ಸಾಕು" ಅಂದೆ.

ಕೇಳಿಸಿತೋ ಇಲ್ಲವೋ,
ಬನಿಯನ್ ಚೂರನ್ನು
ನಾಲ್ಕು ಮಡಿಕೆ ಮಾಡುತ್ತಿದ್ದಳು.