ಮೂರು ಸೌಟು

ಮತ ಎಣಿಸಿ ಮುಗಿದಾಗ ರಾತ್ರಿ ಹನ್ನೊಂದು.
ಶಾಲೆಗಳು ಒಂದಾಗಲಿ ಎಂದವರು ಇನ್ನೂರ ಹದಿನಾಲ್ಕು,
ಬೇಡವೆಂದವರು ಇನ್ನೂರ ಒಂಬತ್ತು.
ಆ ಹೆಚ್ಚಿನ ಐದು ಯಾರದೆಂದು ಅಡೇರ್ ಟೌನ್‌ಶಿಪ್ಪಿನಲ್ಲಿ
ಹಿಮ ಕರಗುವ ತನಕ ಹುಡುಕಿದರು,
ಚರ್ಚಿನ ಮೆಟ್ಟಿಲ ಮೇಲೆ, ಬೀಜದಂಗಡಿಯ ಒಲೆಯ ಸುತ್ತ.
ಅದರಲ್ಲೊಂದು ನನ್ನದು.
ಹೋಬರ್ಟನಿಗೆ ಇವತ್ತಿಗೂ ಗೊತ್ತಿಲ್ಲ.

ಮೂವತ್ತೊಂದರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವನು ಅವನು.
ಗಾಜಿನ ಕಪಾಟಿನ ಆ ಹಿತ್ತಾಳೆ ಬಟ್ಟಲಿನ ಒಂದು ಕಿವಿಯಲ್ಲಿ
ಇನ್ನೂ ತನ್ನ ಬೆವರಿದೆ ಎನ್ನುತ್ತಾನೆ. ಇರಲಿ.
ನನ್ನ ಐಲೀನ್ ಕೆಮಿಸ್ಟ್ರಿ ಕಲಿತದ್ದು ಬರ್ನರ್ ಇಲ್ಲದ ಕೋಣೆಯಲ್ಲಿ.
ಮಿಸ್ ಟ್ರೌಟ್‌ಮನ್ ಬರಿಗೈ ಆಡಿಸಿ ತೋರಿಸುತ್ತಿದ್ದಳು:
ಈಗ ನೀಲಿಯಾಯಿತು ಅಂದುಕೊಳ್ಳಿ,
ಈಗ ಹೊಗೆ ಬಂತು ಅಂದುಕೊಳ್ಳಿ.
ಮಗಳು ಅಂದುಕೊಂಡೇ ಪಾಸಾದಳು.
ಕಾಲೇಜಿನ ಮೊದಲ ವಾರವೇ ಅತ್ತು ಕಾಗದ ಬರೆದಳು.

ಹೊಸ ಹೈಸ್ಕೂಲು ಎದ್ದದ್ದು ಮೂರು ಗಡಿ ಕೂಡುವ ಸೋಯಾ ಹೊಲದಲ್ಲಿ,
ಅಡೇರ್, ಸ್ಟಾಕ್‌ಡೇಲ್, ಗ್ರೀನ್‌ಬ್ರಯರ್:
ಮೂರೂ ಊರಿಗೆ ಸಮದೂರ,
ಅಂದರೆ ಮೂರೂ ಊರಿಗೆ ದೂರ.
ಬಣ್ಣಕ್ಕೆ ಜಗಳ, ಗಂಟೆಗೆ ಜಗಳ,
ತಂಡದ ಹೆಸರು ಕಡಜವೋ ಹೇಸರಗತ್ತೆಯೋ ಗಿಡುಗವೋ
ಎಂದು ಆರು ಸಭೆ;
ಭೂಮಿಯ ಮೇಲಿನದು ಯಾವುದೂ ಒಪ್ಪಿಗೆಯಾಗದೆ
ಕೊನೆಗೆ ಧೂಮಕೇತು ಎಂದು ಕೈ ತೊಳೆದುಕೊಂಡರು.

ಅಡುಗೆಮನೆಗಾಗಿ ಯಾರೂ ಜಗಳವಾಡಲಿಲ್ಲ.
ಅದನ್ನು ನಮಗೇ ಬಿಟ್ಟರು.

ಸೆಪ್ಟೆಂಬರಿನ ಮೊದಲ ಬೆಳಗ್ಗೆ ಆರಕ್ಕೆ
ಉಕ್ಕಿನ ಮೇಜಿನ ಸುತ್ತ ಮೂವರು:
ಗ್ರೀನ್‌ಬ್ರಯರಿನ ಓಪಲ್ ಫೌಟ್ಸ್, ಸ್ಟಾಕ್‌ಡೇಲಿನ ವೆಲ್ಡಾ, ನಾನು.
ಗೋಡೆಗೆ ಹೊಳೆಯುವ ಹನ್ನೆರಡು ಸೌಟು ನೇತಾಡುತ್ತಿದ್ದರೂ
ಮೂವರೂ ಚೀಲದೊಳಗಿಂದ ತಂತಮ್ಮದು ತೆಗೆದೆವು.
ನೂಡಲ್ಸಿಗೆ ಹಳದಿ ಲೋಳೆ ಮಾತ್ರ, ಎಂದಳು ಓಪಲ್.
ಇಡೀ ಮೊಟ್ಟೆ, ಎಂದಳು ವೆಲ್ಡಾ.
ಇಡೀ ಮೊಟ್ಟೆ, ಮೇಲೆ ಅರ್ಧ ಚಿಪ್ಪು ನೀರು, ಎಂದೆ ನಾನು.
ಬಡವರ ಲೆಕ್ಕ, ಎಂದಳು ಓಪಲ್ ಮೆಲ್ಲಗೆ,
ನನಗೆ ಕೇಳಿಸುವಷ್ಟೇ ಮೆಲ್ಲಗೆ.
ಆ ದಿನದ ನೂಡಲ್ಸ್ ಯಾರ ಕೈರುಚಿಯೂ ಆಗಲಿಲ್ಲ,
ಉಪ್ಪು ಮಾತ್ರ ಮೂರು ಕೈಯದೂ ಬಿದ್ದಿತ್ತು.
ಮಕ್ಕಳು ತಿಂದವು.
ಒಂದು ಗಂಟೆ ಬಸ್ಸಿನಲ್ಲಿ ಕುಲುಕಿ ಬಂದವು ಏನನ್ನೂ ತಿನ್ನುತ್ತವೆ.

ಹಳೆ ಶಾಲೆಯಲ್ಲಿ ಅರವತ್ತೆರಡು ತಟ್ಟೆ.
ಯಾರಿಗೆ ಈರುಳ್ಳಿ ಸೇರದು,
ಯಾರ ಮನೆಯಲ್ಲಿ ರಾತ್ರಿ ಒಲೆ ಹೊತ್ತಿಲ್ಲ,
ಯಾರಿಗೆ ಕೇಳದೆಯೇ ಇನ್ನೊಂದು ಬನ್ನು,
ಸೌಟಿಗೇ ಗೊತ್ತಿತ್ತು.
ಇಲ್ಲಿ ನಾನೂರ ಎಂಬತ್ತು. ಕಿಂಡಿಯಲ್ಲಿ ಕಾಣುವುದು
ಅಂಗಿಯ ಗುಂಡಿ, ತಟ್ಟೆ ಹಿಡಿದ ಹೆಬ್ಬೆರಳು.
ಹಸಿ ಹಿಟ್ಟು ಕದ್ದು ತಿನ್ನುತ್ತಿದ್ದ ನಮ್ಮ ಲೈಮನ್ ಕೂಡ
ಹೊಸ ಗೆಳೆಯರ ನಡುವೆ ನನ್ನನ್ನು ಮ್ಯಾಮ್ ಎಂದ.

ಆ ಕಟ್ಟಡ ಈಗ ಕ್ಲೀಟಸ್ ಬೌಮನ್ನನ ಹುಲ್ಲಿನ ಗೋದಾಮು.
ಮರೆತ ಲಟ್ಟಣಿಗೆಗೆಂದು ಹೋಗಿದ್ದೆ. ಸಿಗಲಿಲ್ಲ.
ಕರಿಹಲಗೆಯ ಮೇಲೆ ಮೇ ತಿಂಗಳ ಕೊನೆಯ ಊಟದ ಪಟ್ಟಿ,
ನನ್ನದೇ ಅಕ್ಷರ; ಶುಕ್ರವಾರದವರೆಗೆ ಹುಲ್ಲು ಏರಿದೆ.

ಒಂದು ಮಧ್ಯಾಹ್ನ ಲ್ಯಾಬಿನ ಕಡೆಯಿಂದ
ಕೊಳೆತ ಮೊಟ್ಟೆಯ ನಾತ ಬಂತು.
ವೆಲ್ಡಾ ಮೂಗು ಮುಚ್ಚಿ ಬಾಗಿಲೆಳೆಯಲು ಓಡಿದಳು.
ಸ್ವಲ್ಪ ಹೊತ್ತು ತೆರೆದೇ ಇರಲಿ, ಎಂದೆ.
ಯಾಕೆಂದು ಹೇಳಲಿಲ್ಲ.

ದಿನಕ್ಕೆ ನಾಲ್ಕು ಮಕ್ಕಳ ಎದುರು ಸೌಟು ತಡೆದು
ಹೆಸರು ಕೇಳುತ್ತೇನೆ. ಸಾಲು ನಿಲ್ಲುತ್ತದೆ, ಓಪಲ್ ಬೈಯುತ್ತಾಳೆ.
ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಇನ್ನೂರ ಹನ್ನೊಂದಾಗಿತ್ತು.
ಮರುವಾರ, ಬಟಾಣಿಯ ಪಾತ್ರೆಯ ಮೇಲೆ ಬಾಗಿ,
ನನ್ನ ಕಡೆ ನೋಡದೆ, ಓಪಲ್ ಅಂದಳು:
ಆ ನೀಲಿ ಸ್ವೆಟರಿನವಳು ನಮ್ಮ ಕಡೆಯವಳು, ಮಾವಿಸ್.
ಅವಳಿಗೆ ಬಟಾಣಿ ಹಾಕಬೇಡ.

ಇನ್ನೂರ ಹನ್ನೆರಡು, ಎಂದುಕೊಂಡೆ.