ಎಂಬತ್ತು ಅಕ್ಷರದ ಅಗಲ

ಪುಂತಾ ಅರೇನಾಸಿನಲ್ಲಿ ಗಾಳಿ ಕೆರಳಿದ ದಿನ
ಪೇಟೆಯ ತಿರುವುಗಳಲ್ಲಿ ಹಗ್ಗ ಕಟ್ಟುತ್ತಾರೆ.
ಹಗ್ಗದ ಮೇಲೆ ಏನೂ ಬರೆದಿರುವುದಿಲ್ಲ.
ಚಾಚಿದ ಕೈಗೆ ಸಿಗಬೇಕು,
ಇಷ್ಟೇ ಅದರ ವ್ಯಾಕರಣ.

ನಾನು ಕಟ್ಟಿದ್ದು ವಾಕ್ಯ.
‘ಸೂಚಿತ ಸ್ಥಿತಿಗೆ ಸೂಚಿಯನ್ನೂ ಕಾರ್ಯವೃಕ್ಷವನ್ನೂ
ಮರುಹೊಂದಿಸಲಾಗುವುದು.’
ಒಂಬತ್ತು ವರ್ಷದ ಹಿಂದೆ, ಒಂದು ಭಾನುವಾರ,
ಬರೆದು ಮುಗಿಸಿ, ಕಾಲು ಚಾಚಿ, ಬಿಯರ್ ತೆರೆದಿದ್ದೆ.
ತಪ್ಪು ಹುಡುಕಿದರೂ ಸಿಗದು ಅದರಲ್ಲಿ.
ಮನುಷ್ಯರೂ ಸಿಗರು.

ಎಡೆಲ್ಮಿರಾ ವುಕಾಸೊವಿಕ್ ಕಡಲಕಳೆ ಎಣಿಸುವವಳು.
ಜಲಸಂಧಿಯ ಕೊರೆವ ನೀರಿಗೆ ಇಳಿದು
ಮಣಿಕಟ್ಟಿಗೆ ಬಿಗಿದ ಪ್ಲಾಸ್ಟಿಕ್ ಹಲಗೆಯಲ್ಲಿ
ಸೀಸದಕಡ್ಡಿಯಿಂದ ಗೀಟು ಹಾಕುತ್ತಾಳೆ.
ದಡಕ್ಕೆ ಬಂದು ಗೀಟುಗಳನ್ನು ಅಂಕಿಯಾಗಿಸಿ
ಹಲಗೆಯನ್ನು ಸಾಬೂನು ಹಾಕಿ ಉಜ್ಜುತ್ತಾಳೆ,
ನಾಳೆಯ ನೀರಿಗೆ.

ಹತ್ತೊಂಬತ್ತು ಮುಳುಗಿನ ಲೆಕ್ಕ, ಕಮಿಟ್ ಆಗದೆ, ಯಂತ್ರದಲ್ಲಿತ್ತು.
ಹದಿನೇಳು ಇರಬೇಕಾದ ಕಡೆ ಎಪ್ಪತ್ತೊಂದು ಬಿದ್ದಿತ್ತು.
ಅದೊಂದನ್ನು ಸರಿಮಾಡಲೆಂದೇ
ಹೆಲ್ಪ್ ಕೇಳಿದಳು. ಎರಡು ಸಲ ಓದಿದಳು.
ರೀಸೆಟ್, ಎರಡು ಅಡ್ಡಗೀಟು, ಹಾರ್ಡ್.
ಟರ್ಮಿನಲ್ ಒಂದು ಸಾಲು ಗೊಣಗಿ
ಏನೂ ಆಗದವರಂತೆ ಕಣ್ಣು ಮಿಟುಕಿಸುತ್ತ ಕೂತಿತು.

ಕೂಗಾಡಲಿಲ್ಲ. ನನ್ನ ಮೇಜಿಗೆ ಬಂದು
‘ಎಲ್ಲಿ ಹೋಯಿತು?’ ಅಂದಳು.
‘ಹೆಲ್ಪಿನಲ್ಲಿ ಬರೆದಿದೆಯಲ್ಲ’ ಅಂದೆ.
ಆ ಮಾತಿಗೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.
‘ತೋರಿಸು.’
ಉಪ್ಪಿಗೆ ಬಿರಿದ ಬೆರಳನ್ನು ಪದದಿಂದ ಪದಕ್ಕೆ ಜರುಗಿಸುತ್ತ
ಒಂದನೇ ಕ್ಲಾಸಿನ ಮಗುವಿನ ಹಾಗೆ ಓದಿದಳು:
‘ಮರು... ಹೊಂದಿಸ... ಲಾಗುವುದು.
ಯಾರು? ಯಾವುದನ್ನು?
ನನ್ನದನ್ನಾ?’

ಆ ರಾತ್ರಿ ಕೂತೆ. ಸಾಲಿಗೆ ಎಂಬತ್ತು ಅಕ್ಷರ,
ಅದನ್ನು ಮೀರಿದರೆ ಹಳೇ ಪರದೆಗಳಲ್ಲಿ ಮಾತು ಮುರಿಯುತ್ತದೆ.
‘ಎಚ್ಚರ!’ ಎಂದು ಶುರುಮಾಡಿ ಅಳಿಸಿದೆ,
ಈ ಊರಲ್ಲಿ ಕೂಗಿದ್ದನ್ನೆಲ್ಲ ಗಾಳಿ ಕೊಂಡುಹೋಗುತ್ತದೆ.
ನೀನು ಅನ್ನಲೇ, ನೀವು ಅನ್ನಲೇ, ಅದಕ್ಕೇ ಒಂದು ಗಂಟೆ.
ಬೆಳಿಗ್ಗೆ ಬಾಸ್ತಿಯಾನ್ ತಕರಾರು ತೆಗೆದ:
‘ಅಳಿಸಿಹೋಗುತ್ತದೆ ಅನ್ನುವುದು ಸಡಿಲ ಮಾತು.
ಕಾರ್ಯವೃಕ್ಷವೇ ಶಾಸ್ತ್ರೋಕ್ತ.’
ಕಿಟಕಿಯಾಚೆ ತೋರಿಸಿದೆ. ಪೂರ್ವಕ್ಕೆ ಬಾಗಿ
ಬಾಗಿದಲ್ಲೇ ಬಲಿತ ಲೆಂಗಾ ಮರ.
‘ಅವಳಿಗೆ ವೃಕ್ಷ ಅಂದರೆ ಅದು.’

ಕೊನೆಗೆ ಮೂರು ಸಾಲು:
ನೀವಿನ್ನೂ ಕಮಿಟ್ ಮಾಡದ ಬದಲಾವಣೆಗಳೆಲ್ಲ ಅಳಿಸಿಹೋಗುತ್ತವೆ.
ಅವನ್ನು ಮರಳಿ ತರಲು ನಮಗೆ ಬರುವುದಿಲ್ಲ.
ಬೇಕಿದ್ದರೆ ಮೊದಲು ಸ್ಟ್ಯಾಶ್ ಮಾಡಿ ಎತ್ತಿಡಿ.

ಸೋರೆಬುರುಡೆಯಿಂದ ಮಾಟೆ ಹೀರುತ್ತ ಓದಿದಳು.
‘ಮೂರನೆಯದು ಮೊದಲು ಬರಲಿ.
ಹಗ್ಗವನ್ನು ತಿರುವಿಗೆ ಮುಂಚೆ ಕಟ್ಟುತ್ತಾರೆ,
ಬಿದ್ದವರ ಪಕ್ಕದಲ್ಲಲ್ಲ.’
ಬುರುಡೆ ನನ್ನ ಮೇಜಿನ ಮೇಲೇ ಬಿಟ್ಟು ಹೋದಳು,
ಗುರುವಾರ ಮತ್ತೆ ಮುಳುಗಬೇಕಿತ್ತು.
ಆ ತಿಂಗಳ ಕಳೆ ಆ ತಿಂಗಳಿಗೇ ಮುಗಿಯಿತು,
ಈಗ ಎಣಿಸಿದರೆ ಅದು ಬೇರೆ ಲೆಕ್ಕ.

ಕಮಿಟ್ ಮಾಡಿದೆ. ‘ಹೆಲ್ಪ್: ಸಾಲುಗಳ ಕ್ರಮ ಬದಲು.’
ಕಾರಣ ಬರೆಯಲಿಲ್ಲ.

ಇತಿಹಾಸ ತೆರೆದರೆ ಇನ್ನೂ ಇದೆ
ಒಂಬತ್ತು ವರ್ಷದ ಹಿಂದಿನ ಆ ಭಾನುವಾರ,
ಗಂಟೆ, ನಿಮಿಷ, ನನ್ನ ಹೆಸರು,
‘ಲಾಗುವುದು’ ಎಂಬ ಬಾಲದ ಒಂದು ಕೂದಲೂ ಕೊಂಕದೆ.
ಅವಳ ಹದಿನೇಳು ಇಲ್ಲ.
ಎಪ್ಪತ್ತೊಂದೂ ಇಲ್ಲ.

ಅದನ್ನು ಅಳಿಸುವ ಆಜ್ಞೆ ನನಗೆ ಗೊತ್ತು.
ಇರಲಿ.